ಐವತ್ತೈದರ ಕೆಳಗೆ

ಜೂನ್ ತಿಂಗಳ ಮೊದಲ ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಮೆಲ್ಬರ್ನ್ ಅಂಚಿನ ಟಾರ್ನೀಟ್‌ನಲ್ಲಿ ರುದ್ರಾಣಿ ನಡೆಸುವ ರೊಟ್ಟಿ ಯೂನಿಟ್‌ನಲ್ಲಿ ಕರೆಂಟು ಹೋಯಿತು. ಮೀಟರ್ ಪೆಟ್ಟಿಗೆಯೊಳಗೆ ಟಪ್ಪೆಂದು ಸದ್ದಾಯಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಒಣಕೋಣೆಯ ಎರಡು ಹೀಟರುಗಳೂ ತೇವ ಹೀರುವ ಯಂತ್ರವೂ ಒಟ್ಟಿಗೆ ನಿಂತವು. ರುದ್ರಾಣಿ ಮೊದಲು ನೋಡಿದ್ದು ಆ ಪೆಟ್ಟಿಗೆಯನ್ನಲ್ಲ, ಒಣಕೋಣೆಯ ಬಾಗಿಲ ಪಕ್ಕದ ಗೋಡೆಯನ್ನು. ಅಲ್ಲಿ ಅಂಗೈ ಅಗಲದ ತೇವಮಾಪಕವೊಂದನ್ನು ತೂಗುಹಾಕಲಾಗಿತ್ತು. ಅದರ ತಂತಿ ಕೋಣೆಯ ಒಳಗೆ, ಅಂಕಿ ಹೊರಗೆ. ಬ್ಯಾಟರಿಯ ಮೇಲೆ ನಡೆಯುವ ಯಂತ್ರವಾದ್ದರಿಂದ ಅದು ನಿಂತಿರಲಿಲ್ಲ. ಗಾಳಿಯ ತೇವ ನೂರಕ್ಕೆ ಎಪ್ಪತ್ತನಾಲ್ಕು ಎಂದು ತೋರಿಸುತ್ತಿತ್ತು.

ಅದು ಐವತ್ತೈದರ ಕೆಳಗೆ ಇಳಿಯಬೇಕಾಗಿತ್ತು. ಸಂಜೆ ನಾಲ್ಕಕ್ಕೆ ಸಿಡ್ನಿಗೆ ಹೋಗುವ ವ್ಯಾನು ಬರುತ್ತದೆ. ಒಳಗೆ ಇಪ್ಪತ್ತನಾಲ್ಕು ಜಾಲರಿ ತಟ್ಟೆಗಳಲ್ಲಿ, ತಟ್ಟೆಗೆ ನಲವತ್ತರಂತೆ, ಒಂಬೈನೂರ ಅರವತ್ತು ಜೋಳದ ರೊಟ್ಟಿಗಳು ಅರೆ ಒಣಗಿ ನಿಂತಿದ್ದವು.

ಐವತ್ತೈದೆಂಬ ಅಂಕಿಯನ್ನು ರುದ್ರಾಣಿಗೆ ಯಾರೂ ಹೇಳಿಕೊಟ್ಟಿರಲಿಲ್ಲ; ಕಳೆದ ಚಳಿಗಾಲ ಕಲಿಸಿತ್ತು. ಅವಳ ತವರು ಬೈಲಹೊಂಗಲದಲ್ಲಿ ರೊಟ್ಟಿಯನ್ನು ಬಡಿದು, ಬೇಯಿಸಿ, ಒಲೆಯ ಬದಿಗೆ ಒರಗಿಸಿಟ್ಟರೆ ಸಾಯಂಕಾಲಕ್ಕೆ ಕಡಕ್ ಆಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮೆಲ್ಬರ್ನ್‌ನಲ್ಲಿ ಜೂನ್ ಎಂದರೆ ಚಳಿಗಾಲ, ಗಾಳಿಯೇ ಒದ್ದೆ. ಕಳೆದ ವರ್ಷ ಸಿಡ್ನಿಯ ಟೂಂಗಾಬಿಯ ಅಂಗಡಿಗೆ ಕಳಿಸಿದ ರೊಟ್ಟಿಗಳಿಗೆ ಒಂಬತ್ತನೆಯ ದಿನವೇ ಬೂಷ್ಟು ಹಿಡಿಯಿತು. ಅಂಗಡಿಯ ಒಡತಿ ಮಹಾಶ್ವೇತಾ ಮೈಸೂರಿನವಳು, ಕೂಗಾಡಲಿಲ್ಲ. ಪ್ಯಾಕೆಟ್ಟುಗಳ ಫೋಟೋ ಕಳಿಸಿ, ಅನಂತರ ಫೋನು ಮಾಡಿ, "ಒಂದ್ ಸಲ ಆಯ್ತು, ಪರವಾಗಿಲ್ಲ. ಇನ್ನೊಂದ್ ವಿಂಟರ್ ಹೀಗೇ ಆದ್ರೆ ನಾನು ಬೇರೆಯವರ್ನ ನೋಡ್ಕೋತೀನಿ ರುದ್ರಾಣಿ, ಬೇಜಾರ್ ಮಾಡ್ಕೋಬೇಡಿ," ಎಂದಿದ್ದಳು.

ಯೂನಿಟ್‌ನಲ್ಲಿ ಬಡಿಯುವ ಹತ್ತು ರೊಟ್ಟಿಗಳಲ್ಲಿ ಆರು ಟೂಂಗಾಬಿಗೆ ಹೋಗುತ್ತಿದ್ದವು. ಆ ಅಂಗಡಿ ಕೈಬಿಟ್ಟರೆ ಯೂನಿಟ್ ಮುಚ್ಚಬೇಕು. ಮುಚ್ಚಿದರೆ ರುದ್ರಾಣಿ, ಹನ್ನೊಂದು ವರ್ಷ ದುಡಿದು ಬಿಟ್ಟುಬಂದ ಗೋದಾಮಿನ ಪಾಳಿಗೆ ಮರಳಬೇಕು. ಮೂರನೆಯ ದಾರಿಯಿರಲಿಲ್ಲ.

ಆದುದರಿಂದ ಈ ಸಲ ಅವಳು ಮೇ ತಿಂಗಳನ್ನು ಪೂರ್ತಿಯಾಗಿ ಚಳಿಗಾಲದ ಸಿದ್ಧತೆಗೆ ಕೊಟ್ಟಿದ್ದಳು. ಒಣಕೋಣೆ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ. ಬಾಗಿಲ ಕೆಳಗೆ ರಬ್ಬರ್ ಪಟ್ಟಿ, ಕಿಟಕಿಯ ಸಂದಿಗಳಿಗೆ ಫೋಮ್, ಗೋಡೆಯ ಎರಡು ಗಾಳಿಕಿಂಡಿಗಳಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಅಂಚಿಗೆ ಅಗಲವಾದ ಟೇಪು. ಅಷ್ಟಕ್ಕೇ ಬಿಡಲಿಲ್ಲ. ಊದುಬತ್ತಿ ಹಚ್ಚಿಕೊಂಡು ಗೋಡೆಯುದ್ದಕ್ಕೂ ನಡೆದು, ಹೊಗೆ ಎತ್ತ ಬಾಗುತ್ತದೆಂದು ನೋಡಿ, ಬಾಗಿದ ಕಡೆಯೆಲ್ಲ ಇನ್ನೊಂದು ಸುತ್ತು ಟೇಪು ಅಂಟಿಸಿದಳು. ನಾಲ್ಕನೆಯ ಸುತ್ತಿಗೆ ಹೊಗೆ ಎಲ್ಲಿಯೂ ಬಾಗದೆ ನೆಟ್ಟಗೆ ಮೇಲಕ್ಕೇರಿತು. ಅವಳ ಗಂಡ ವಿರುಪಾಕ್ಷ, ನಗರದ ಒಂದು ಕಚೇರಿಯಲ್ಲಿ ಎಂಜಿನಿಯರ್ ಆಗಿದ್ದವನು, ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಬಂದು ಇಣುಕಿದ್ದ.

"ಏನಿದು, ರಾಕೆಟ್ ಬಿಡಾಕ ತಯಾರಿ ನಡಿಸೀಯೇನ? ಒಂದ್ ಕಿಂಡಿನರ ಬಿಡು."

"ಕಿಂಡಿ ಬಿಟ್ರ ಹೋದ ವರ್ಷದ ಕತೀನ ಮತ್ತ. ನೀವು ಟ್ರೇನ್ ತಪ್ಪಿಸ್ಕೋಬ್ಯಾಡ್ರಿ, ನಡೀರಿ."

ಮೊದಲ ಕೆಲವು ದಿನ ಎಲ್ಲವೂ ಸರಿಯಾಗಿ ನಡೆಯಿತು. ಈಗ ಕರೆಂಟು ಹೋಗಿತ್ತು.

ಎಲೆಕ್ಟ್ರಿಷಿಯನ್ ಫೋನಿನಲ್ಲಿ, ಸೋಮವಾರಕ್ಕೆ ಮೊದಲು ಬರಲಾಗುವುದಿಲ್ಲ, ಅಲ್ಲಿಯವರೆಗೆ ಒಂದು ಸ್ವಿಚ್ಚನ್ನೂ ಮುಟ್ಟಬೇಡಿ ಎಂದ. ರುದ್ರಾಣಿ ವಿರುಪಾಕ್ಷನಿಗೆ ಫೋನು ಮಾಡಿದಳು.

"ಮನಿಗೆ ತಂದು ಹೀಟರ್ ಮುಂದ ಇಡು," ಎಂದ ಅವನು.

"ಕೌನ್ಸಿಲ್‌ನವರು ಲೈಸೆನ್ಸ್ ಕೊಟ್ಟಿದ್ದು ಈ ಯೂನಿಟ್ಟಿಗೆ ರೀ, ಮನಿಗಲ್ಲ. ಮನ್ಯಾಗ ಒಣಗಿಸಿದ್ದನ್ನ ಮಾರಂಗಿಲ್ಲ."

"ಹಂಗಾರ ಟೂಂಗಾಬಿಯವ್ರಿಗೆ ಹೇಳಿಬಿಡು."

"ಏನಂತ ಹೇಳ್ಲಿ?" ಎಂದು ರುದ್ರಾಣಿ ಫೋನು ಇಟ್ಟಳು. ಅಂಕಿ ಎಪ್ಪತ್ತಾರಕ್ಕೆ ಏರಿತ್ತು. ರೊಟ್ಟಿಗಳು ತಮ್ಮ ತೇವವನ್ನು ತಾವೇ ಕೋಣೆಗೆ ಬಿಟ್ಟು, ಅದನ್ನೇ ಮತ್ತೆ ಕುಡಿಯುತ್ತಿದ್ದವು.

ಆಗ ಮಾತಾಡಿದವಳು ಶಾಂಭವಿ. ಅವಳು ರುದ್ರಾಣಿಯ ತಾಯಿಯ ತಂಗಿ, ರುದ್ರಾಣಿಯ ಬಾಯಲ್ಲಿ ಚಿಗವ್ವ, ವಯಸ್ಸು ಅರವತ್ತೇಳು. ಕ್ಲೈಡ್ ನಾರ್ತ್‌ನಲ್ಲಿರುವ ಮಗಳ ಮನೆಯಲ್ಲಿ ಮೂರು ದಿನ, ರುದ್ರಾಣಿಯ ಬಳಿ ನಾಲ್ಕು ದಿನ ಇರುವುದು ಅವಳ ವಾರದ ಕ್ರಮ. ಗಂಟೆಗೆ ನಲವತ್ತು ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತ ಮಾತಾಡಿದರೂ, ಹಾಡಿದರೂ, ಬೈದರೂ, ಅವಳ ಎಣಿಕೆ ಒಮ್ಮೆಯೂ ತಪ್ಪಿದ್ದನ್ನು ರುದ್ರಾಣಿ ಕಂಡಿರಲಿಲ್ಲ.

"ಕೆಂಡ ಇಡೂಣು," ಎಂದಳು ಚಿಗವ್ವ.

"ಎಲ್ಲಿ?"

"ಎಲ್ಲಿ ಅಂದ್ರ? ಖೋಲಿಯೊಳಗ. ನೀ ಹುಟ್ಟಿದಾಗ ನಿಮ್ಮವ್ವನ ಖೋಲಿ ಹೆಂಗ ಬೆಚ್ಚಗ ಇಟ್ಟಿದ್ದೆ ಗೊತ್ತೈತೇನ? ಡಿಸೆಂಬರ್ ಚಳಿ. ಕಿಟಕಿಗೆ ಗೋಣಿತಟ್ಟು, ಹೊರಸಿನ ಕೆಳಗ ಅಗ್ಗಿಷ್ಟಗಿ. ನಲವತ್ತು ದಿನ ಒಂದ ಹನಿ ಥಂಡಿ ಒಳಗ ಬರಗೊಟ್ಟಿದ್ದಿಲ್ಲ."

"ಹೊಗಿ ಹಿಡೀತೈತಿ ಚಿಗವ್ವಾ. ರೊಟ್ಟಿ ನಾರತಾವು."

"ಹೊರಗ ಪೂರಾ ಕೆಂಪಗ ಮಾಡಿ, ಹೊಗಿ ತೀರಿದ ಮ್ಯಾಲ ಒಳಗ ತರೂದು. ಹೊಗಿ ಇಲ್ಲದ ಕೆಂಡಕ್ಕ ಏನ ಅಂಜಿಕಿ? ನಲವತ್ತು ದಿನ ಅದರ ಮ್ಯಾಲ ಮಲಗಿದ್ದಿ. ಸತ್ತೀಯೇನ?"

ರುದ್ರಾಣಿ ಆ ಬೆಳಿಗ್ಗೆ ಮೊದಲ ಸಲ ನಕ್ಕಳು. ಹಸಿ ಬಾಣಂತಿಗೂ ಎಳೆಗೂಸಿಗೂ ಆಗಿಬಂದದ್ದು ರೊಟ್ಟಿಗೆ ಆಗಿಬಾರದೇ ಎಂಬ ಲೆಕ್ಕ ಅವಳಿಗೆ ಸರಿಯೆನ್ನಿಸಿತು. ಆ ಬಾಣಂತಿ ಕೋಣೆಯ ಮೇಲೆ ನಾಡಹಂಚಿತ್ತು, ಹಂಚುಗಳ ನಡುವೆ ಆಕಾಶ ಕಾಣುವಷ್ಟು ಸಂದಿಗಳಿದ್ದವು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಹಿಂದಿನ ಅಂಗಳದಲ್ಲಿ ಬದನೆಕಾಯಿ ಸುಡಲೆಂದು ಇಟ್ಟಿದ್ದ ಕಬ್ಬಿಣದ ಅಗ್ಗಿಷ್ಟಿಕೆಯಿತ್ತು, ಪಕ್ಕದಲ್ಲಿ ಒಂದು ಚೀಲ ಇದ್ದಿಲು. ಜಿಟಿಜಿಟಿ ಮಳೆಗೆ ತಗಡಿನ ಸೂರಿನ ಕೆಳಗೆ ಕೂತು ಶಾಂಭವಿ ಬೀಸಿದಳು. ಹತ್ತೂವರೆಗೆ ಕೆಂಡ ನಿಗಿನಿಗಿ ಹೊಳೆಯಿತು. ಹೊಗೆಯ ಒಂದು ಎಳೆಯೂ ಇರಲಿಲ್ಲ. ಇಬ್ಬರೂ ಅಗ್ಗಿಷ್ಟಿಕೆಯನ್ನು ಬಟ್ಟೆ ಸುತ್ತಿದ ಕೈಗಳಲ್ಲಿ ಎತ್ತಿ ಒಣಕೋಣೆಯ ನಡುವೆ ಇಟ್ಟರು.

ರೊಟ್ಟಿಗಳನ್ನು ತಿರುವಲು ಒಬ್ಬರು ಒಳಗೆ ಇರಲೇಬೇಕಾಗಿತ್ತು. ಕೆಂಡದ ಕಡೆಯ ಮೈ ಬೇಗ ಒಣಗಿದರೆ ರೊಟ್ಟಿ ದೋಣಿಯಂತೆ ಬಾಗಿ ಒಡೆಯುತ್ತದೆ. ಬಾಗಿಲು ತೆರೆದಾಗಲೆಲ್ಲ ತೇವಮಾಪಕ ಎರಡು ಅಂಕಿ ಮೇಲೇರುತ್ತದೆ ಎಂಬುದನ್ನು ರುದ್ರಾಣಿ ಮೇ ತಿಂಗಳಲ್ಲೇ ಪರೀಕ್ಷಿಸಿದ್ದಳು. ಆದ್ದರಿಂದ ಒಮ್ಮೆ ಒಳಗೆ ಹೋದವರು ಮುಗಿಯುವವರೆಗೆ ಹೊರಗೆ ಬರಬಾರದು.

"ನಾ ಕೂಡ್ತೀನಿ," ಎಂದಳು ಚಿಗವ್ವ. "ಹೊರಗಿನ ಥಂಡ್ಯಾಗ ನನ್ನ ಮೊಣಕಾಲು ಹಿಡೀತಾವು. ಇಲ್ಲಿ ಬೆಚ್ಚಗ ಐತಿ. ನೀ ಪ್ಯಾಕೆಟ್ ತಯಾರ ಮಾಡು. ಕರದಾಗ ಓ ಅಂತೀನಿ."

ಬಾಗಿಲು ಮುಚ್ಚಿತು. ರಬ್ಬರ್ ಪಟ್ಟಿ ನೆಲಕ್ಕೆ ಒತ್ತಿ ಕೂತಿತು.

ಹತ್ತು ಗಂಟೆ ಐವತ್ತು ನಿಮಿಷಕ್ಕೆ ಅಂಕಿ ಎಪ್ಪತ್ತು. ಹನ್ನೊಂದು ಹತ್ತಕ್ಕೆ ಅರವತ್ತಾರು. ರುದ್ರಾಣಿ ಮುಂದಿನ ಕೋಣೆಯಲ್ಲಿ ಮೇಜಿನ ಮುಂದೆ ನಿಂತು ಪ್ಯಾಕೆಟ್ಟುಗಳಿಗೆ ಚೀಟಿ ಅಂಟಿಸುತ್ತಿದ್ದಳು. ಗೋಡೆಯಾಚೆ ಶಾಂಭವಿ ರೊಟ್ಟಿ ತಿರುವುವ ಸದ್ದು ಕೇಳಿಸುತ್ತಿತ್ತು: ಜಾಲರಿಗೆ ತಾಗಿ ಟಕ್, ಟಕ್. ಒಣಗಿದಷ್ಟೂ ಆ ಸದ್ದು ಗಟ್ಟಿಯಾಗುತ್ತದೆ.

"ಚಿಗವ್ವಾ, ಎಷ್ಟನೇ ತಟ್ಟಿ?"

"ಹದಿನಾಕು. ನೀ ಗಡಬಡ ಮಾಡಬ್ಯಾಡ."

ಮಹಾಶ್ವೇತಾಳ ಫೋನು ಬಂತು. "ಎಲ್ಲಾ ರೆಡಿನಾ ರುದ್ರಾಣಿ? ಭಾನುವಾರ ಇಲ್ಲಿ ಸಂಘದ ಊಟ, ಮುನ್ನೂರು ಜನ. ಎಲೆ ಮೇಲೆ ನಿಮ್ಮ ರೊಟ್ಟಿನೇ ಅಂತ ಹೇಳ್ಬಿಟ್ಟಿದೀನಿ. ಈ ಸಲ ಡ್ರೈ ಇದೆ ತಾನೆ?"

"ಆಗಾಕತ್ತೈತ್ರಿ."

"ಆಗಾಕತ್ತೈತಾ, ಆಗೈತಾ?" ಎಂದು ಮಹಾಶ್ವೇತಾ ಅವಳ ಮಾತಿನ ಧಾಟಿಯನ್ನೇ ಅಣಕಿಸಿ ನಕ್ಕಳು.

"ನಾಕಕ್ಕ ವ್ಯಾನ್ ಹತ್ತತಾವ್ರಿ," ಎಂದಳು ರುದ್ರಾಣಿ.

ಹನ್ನೊಂದೂವರೆಗೆ ಅಂಕಿ ಅರವತ್ತೊಂದು. ರುದ್ರಾಣಿಗೆ ತಲೆ ನೋಯುತ್ತಿತ್ತು. ಬೆಳಿಗ್ಗೆಯಿಂದ ಚಹಾ ಕುಡಿದಿಲ್ಲ, ಅದಕ್ಕೇ ಎಂದುಕೊಂಡಳು. ಒಂದೇ ಚೀಟಿಯನ್ನು ಒಂದೇ ಪ್ಯಾಕೆಟ್ಟಿಗೆ ಎರಡು ಸಲ ಅಂಟಿಸಿದ್ದನ್ನು ನೋಡಿ, ಕಿತ್ತು, ಮತ್ತೆ ಅಂಟಿಸಿದಳು.

"ಎಷ್ಟನೇ ತಟ್ಟಿ ಚಿಗವ್ವಾ?"

"ಹದಿನೇಳು."

ಇಪ್ಪತ್ತು ನಿಮಿಷಕ್ಕೆ ಮೂರೇ ತಟ್ಟೆ. ನಿಧಾನವಾಯಿತು; ಆದರೆ ಅಂಕಿ ಇಳಿಯುತ್ತಿದೆ, ಸಾಕು. ಗೋಡೆಯಾಚೆಯ ಸದ್ದು ಈಗ ಗಟ್ಟಿಯಾಗಿತ್ತು, ಆದರೆ ಬಿಡಿಬಿಡಿಯಾಗಿತ್ತು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅಂಕಿ ಐವತ್ತೆಂಟಾಯಿತು. ಇನ್ನು ನಾಲ್ಕು ಇಳಿದರೆ ಮುಗಿಯಿತು. ರುದ್ರಾಣಿ ಬಾಗಿಲ ಬಳಿ ಬಂದು ನಿಂತಳು.

"ಚಿಗವ್ವಾ? ಎಷ್ಟಾದ್ವು?"

ಉತ್ತರ ತಡವಾಗಿ ಬಂತು, ಹಾಸಿಗೆಯಲ್ಲಿ ಮಲಗಿದವರು ಆಡಿದಂತೆ ಬಂತು.

"ಒಂಬತ್ತು."

"ಏನ? ಆಗಳೇ ಹದಿನೇಳು ಅಂದಿದ್ದೆಲ್ಲ."

"ಹೂಂ... ಒಂಬತ್ತು."

ಚಿಗವ್ವ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡಳು ರುದ್ರಾಣಿ. ಆದರೆ ಎಣಿಕೆಯ ವಿಷಯದಲ್ಲಿ ಚಿಗವ್ವ ಎಂದೂ ಚೇಷ್ಟೆ ಮಾಡಿದವಳಲ್ಲ. ಹದಿನಾಲ್ಕು, ಹದಿನೇಳು, ಒಂಬತ್ತು. ಆ ಮೂರು ಅಂಕಿಗಳನ್ನು ರುದ್ರಾಣಿ ಮನಸ್ಸಿನಲ್ಲಿ ಒಂದರ ಕೆಳಗೊಂದು ಇಟ್ಟಳು. ಅವು ಕೂಡಿಬರಲಿಲ್ಲ. ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು, ಕಣ್ಣು ತೇವಮಾಪಕದ ಮೇಲೆ. ಐವತ್ತೇಳು. ಈಗ ತೆರೆದರೆ ಐವತ್ತೊಂಬತ್ತಾಗುತ್ತದೆ, ಕೆಂಡ ಅರ್ಧ ಆರಿದೆ, ಮತ್ತೆ ಇಳಿಯುವುದು ಅನುಮಾನ. ಇನ್ನು ಮೂರು ಅಂಕಿ. ಇನ್ನು ಹತ್ತು ನಿಮಿಷ. ಸ್ವಲ್ಪ ತೂಕಡಿಕೆ ಬಂದಿರಬೇಕು, ಬೆಚ್ಚಗಿದೆಯಲ್ಲ.

ಅವಳು ಹಾಗೆ ನಾಲ್ಕು ನಿಮಿಷ ನಿಂತಳು.

ಒಳಗೆ ಏನೋ ಬಿತ್ತು. ಮನುಷ್ಯರು ಬಿದ್ದ ಸದ್ದಲ್ಲ. ಜಾಲರಿ ತಟ್ಟೆಯೊಂದು ಓರೆಯಾಗಿ, ಕಡಕ್ ರೊಟ್ಟಿಗಳು ಸಿಮೆಂಟಿನ ಮೇಲೆ ಬಿದ್ದು ಚೂರಾದ ಸದ್ದು. ಅದರ ಹಿಂದೆ ಬೈಗುಳ ಬರಬೇಕಾಗಿತ್ತು. ಒಂದು ರೊಟ್ಟಿ ಒಡೆದರೆ ಇಡೀ ಓಣಿಗೆ ಕೇಳುವಂತೆ ಬೈಯುವ ಶಾಂಭವಿ ಸುಮ್ಮನಿದ್ದಳು.

ರುದ್ರಾಣಿ ಬಾಗಿಲು ತೆರೆದಳು.

ಶಾಂಭವಿ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೆನ್ನೆಗಳು ಜ್ವರ ಬಂದವರ ಹಾಗೆ ಕೆಂಪಾಗಿದ್ದವು. ತೊಡೆಯ ಮೇಲೆ ಒಂದು ರೊಟ್ಟಿ. ಕಣ್ಣು ತೆರೆದಿತ್ತು; ನೋಡುತ್ತಿರಲಿಲ್ಲ. ರುದ್ರಾಣಿ ಕರೆದಾಗ ತುಟಿಗಳು ಅಲ್ಲಾಡಿದವು. ಏಳಲು ಹೇಳಿದರೆ ಏಳಲಿಲ್ಲ. ಕಂಕುಳಿಗೆ ಕೈಹಾಕಿ ಎತ್ತಿದಾಗ ಇಡೀ ಭಾರ ರುದ್ರಾಣಿಯ ಮೇಲೆ ಬಂತು. ಕಣ್ಣ ಮುಂದೆ ಕಪ್ಪು ಚುಕ್ಕೆಗಳು ಕುಣಿದವು. ಚಿಗವ್ವನನ್ನು ನೆಲದ ಮೇಲೆ ಎಳೆದುಕೊಂಡೇ ಮುಂದಿನ ಕೋಣೆ ದಾಟಿದಳು. ದೊಡ್ಡ ಶಟರಿನ ಸರಪಳಿಯನ್ನು ಕೈಯಿಂದ ಎಳೆದು, ಸೊಂಟದೆತ್ತರಕ್ಕೆ ಎತ್ತಿ, ಅದರ ಕೆಳಗಿನಿಂದ ಅವಳನ್ನು ಮಳೆಗೆ ಎಳೆದು ತಂದಳು.

ಪಕ್ಕದ ಯೂನಿಟ್‌ನಲ್ಲಿ ಟೈರು ಬದಲಿಸುತ್ತಿದ್ದ ಪಂಜಾಬಿ ಗೃಹಸ್ಥ ಓಡಿಬಂದ. "ಕ್ಯಾ ಹುವಾ ಬೆಹೆನ್‌ಜಿ?" ಎಂದ. ಅಗ್ಗಿಷ್ಟಿಕೆಯೊಳಗಿನ ಕೆಂಡವನ್ನು ಬಾಗಿಲಿಂದಲೇ ಕಂಡವನು ಇನ್ನೊಂದು ಪ್ರಶ್ನೆ ಕೇಳದೆ ತುರ್ತು ಸೇವೆಗೆ ಫೋನು ಮಾಡಿದ.

ಆಂಬುಲೆನ್ಸ್ ಒಂಬತ್ತು ನಿಮಿಷಕ್ಕೆ ಬಂತು. ಅದರ ಹಿಂದೆ ಅಗ್ನಿಶಾಮಕ ದಳ. ಮುಖವಾಡ ಹಾಕಿಕೊಂಡು ಒಳಗೆ ಹೋದ ಅಧಿಕಾರಿಯ ಕೈಯಲ್ಲಿದ್ದ ಯಂತ್ರ ಒಣಕೋಣೆಯ ಹೊಸ್ತಿಲಲ್ಲೇ ಕಿರುಚತೊಡಗಿತು. ಅವನು ಕೆಂಡವನ್ನು ಹೊರಗೆ ತಂದ. ಕಿಟಕಿಯ ಫೋಮ್ ಕಿತ್ತ, ಗಾಳಿಕಿಂಡಿಗಳ ಹಾಳೆ ಹರಿದ, ಎಲ್ಲ ಬಾಗಿಲುಗಳನ್ನೂ ಅಗಲವಾಗಿ ತೆರೆದಿಟ್ಟ. ಅನಂತರ ರುದ್ರಾಣಿಯ ಎದುರು ಬಂದು ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: ಕೆಂಡ ಉರಿಯುವಾಗ ಒಂದು ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಹೊರಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಅದು ರಕ್ತ ಸೇರುತ್ತದೆ. ಈ ಕೋಣೆಯನ್ನು ಮುಚ್ಚಿದವರು ಯಾರು?

"ನಾನೇ," ಎಂದಳು ರುದ್ರಾಣಿ.

ಬಹಳ ಚೆನ್ನಾಗಿ ಮುಚ್ಚಿದ್ದೀರಿ, ಎಂದ ಅವನು. ಅದು ಹೊಗಳಿಕೆಯಾಗಿರಲಿಲ್ಲ.

ಆಂಬುಲೆನ್ಸಿನ ಬಾಗಿಲು ಮುಚ್ಚುವ ಮೊದಲು ಅವಳು ಒಣಕೋಣೆಯ ಕಡೆ ನೋಡಿದಳು. ತೆರೆದ ಕಿಟಕಿಯಿಂದ ಮಂಜಿನಂಥ ಮಳೆ ತಟ್ಟೆಗಳ ಮೇಲೆ ನೇರವಾಗಿ ಬೀಳುತ್ತಿತ್ತು.

ಆಸ್ಪತ್ರೆಯಲ್ಲಿ ಇಬ್ಬರಿಂದಲೂ ರಕ್ತ ತೆಗೆದರು, ಇಬ್ಬರಿಗೂ ಆಮ್ಲಜನಕ ಹಚ್ಚಿದರು. ರುದ್ರಾಣಿಗೆ ಒಂದು ಗಂಟೆಯಲ್ಲಿ ತಲೆ ಹಗುರಾಯಿತು. ಎರಡೂವರೆಗೆ ಯುವ ವೈದ್ಯೆಯೊಬ್ಬಳು ಶಾಂಭವಿಯ ಮಂಚದ ಬಳಿ ಕುರ್ಚಿ ಎಳೆದುಕೊಂಡು ಕೂತಳು. ಎಷ್ಟು ಹೊತ್ತು ಒಳಗಿದ್ದರು ಎಂದು ಕೇಳಿದಳು.

ರುದ್ರಾಣಿ ಲೆಕ್ಕ ಹೇಳಿದಳು. "ಹತ್ತೂವರೆಯಿಂದ ಹನ್ನೆರಡರ ತನಕ. ಕೊನೆಯ ನಾಲ್ಕು ನಿಮಿಷ ನನಗೆ ಅನುಮಾನ ಬಂದಿತ್ತು. ಆದರೂ ನಾನು ಬಾಗಿಲು ತೆರೆಯಲಿಲ್ಲ." ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಆ ಮಾತು ಹೇಳಲು ಸಾಧ್ಯವಾಯಿತು. ವೈದ್ಯೆ ತಲೆಯೆತ್ತಿ ನೋಡಿದಳು, ಎಲ್ಲವನ್ನೂ ಬರೆದುಕೊಂಡಳು.

ಅನಂತರ ಮೆದುಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು, ನೂರರಿಂದ ಏಳೇಳು ಕಳೆಯುತ್ತ ಹೋಗಲು ಹೇಳಿ ಎಂದಳು. ರುದ್ರಾಣಿ ಅದನ್ನು ಕನ್ನಡದಲ್ಲಿ ಹೇಳಿದಳು. ಶಾಂಭವಿ ಮಾಸ್ಕಿನೊಳಗಿಂದ ಮಾತಾಡಿದಳು.

"ತೊಂಬತ್ತಮೂರು."

ವೈದ್ಯೆ ರುದ್ರಾಣಿಯ ಮುಖ ನೋಡಿದಳು. ರುದ್ರಾಣಿ ಬೆರಳಿನಿಂದ ತಟ್ಟಿ ಮುಂದಿನದನ್ನು ಸೂಚಿಸಲು ಹೋಗಿ ಕೈಯನ್ನು ಬಿಗಿಹಿಡಿದಳು.

"ಎಂಬತ್ತಾರು." ಯಂತ್ರದ ಬೀಪು ಹನ್ನೆರಡು ಸಲ ಕೇಳಿಸಿತು. "ಎಪ್ಪತ್ತೊಂಬತ್ತು. ಎಪ್ಪತ್ತೆರಡು. ಅರವತ್ತೈದು. ಇನ್ನೂ ಹೇಳಬೇಕೇನ? ಈ ಹುಡುಗಿಗೆ ಬರಂಗಿಲ್ಲೇನ ಲೆಕ್ಕ?"

ವೈದ್ಯೆ ಕೊನೆಯ ಮಾತಿನ ಅರ್ಥ ಕೇಳಿದಳು. ಎಲ್ಲವೂ ಸರಿಯಾಗಿದೆ ಎಂದು ರುದ್ರಾಣಿ ಹೇಳಿದಳು. ರಾತ್ರಿಯಿಡೀ ಇಲ್ಲೇ ಇರಬೇಕು, ಅಪಾಯ ದಾಟಿದಂತೆ ಕಾಣುತ್ತದೆ ಎಂದು ಹೇಳಿ ವೈದ್ಯೆ ಹೋದಳು.

ವಿರುಪಾಕ್ಷ ಮೂರೂವರೆಗೆ ಬಂದ. ಯೂನಿಟ್ ನೋಡಿಕೊಂಡೇ ಬಂದಿದ್ದ. "ಎಲ್ಲಾ ಮೆತ್ತಗಾಗ್ಯಾವು," ಎಂದಷ್ಟೇ ಹೇಳಿದ.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮಹಾಶ್ವೇತಾಳ ಫೋನು ಬಂತು. ರುದ್ರಾಣಿ ವಾರ್ಡಿನ ಹೊರಗೆ ಹೋಗಿ ನಿಂತಳು.

"ರುದ್ರಾಣಿ, ಏನಿದು? ವ್ಯಾನ್ ಡ್ರೈವರ್ ಯೂನಿಟ್ ಹತ್ರ ಯಾರೂ ಇಲ್ಲ ಅಂತಿದಾನೆ. ಬಾಗಿಲೆಲ್ಲಾ ತೆಗೆದಿದೆಯಂತೆ!"

"ರೊಟ್ಟಿ ಬರಂಗಿಲ್ರೀ. ಬೆಳಿಗ್ಗೆ ಕರೆಂಟ್ ಹೋತು. ಬೋರ್ಡ್ ಸುಟ್ಟೈತಿ."

ಆ ಕಡೆ ಉಸಿರು ಬಿಟ್ಟ ಸದ್ದು. "ಅಯ್ಯೋ, ಕರೆಂಟಾ? ಮೊದ್ಲೇ ಹೇಳೋದಲ್ವಾ. ಅದು ನಿಮ್ಮ ತಪ್ಪಲ್ಲ ಬಿಡಿ. ಭಾನುವಾರಕ್ಕೆ ಚಪಾತಿ ಮಾಡಿಸ್ತೀನಿ, ಏನೋ ಒಂದು. ಸೋಮವಾರ ರಿಪೇರಿ ಆಗುತ್ತಾ? ಮುಂದಿನ ಗುರುವಾರ ಕಳಿಸಿ ಹಾಗಾದ್ರೆ."

ಪಾರಾಗುವ ಬಾಗಿಲು ಇಷ್ಟು ಸುಲಭವಾಗಿ ತೆರೆದಿತ್ತು. ಹೂಂ ಎಂದರೆ ಸಾಕಾಗಿತ್ತು. ಟೂಂಗಾಬಿ ಉಳಿಯುತ್ತಿತ್ತು, ಯೂನಿಟ್ ಉಳಿಯುತ್ತಿತ್ತು. ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಮುಂದಿನ ಗುರುವಾರದ ಲೆಕ್ಕ ಅವಳ ಮುಂದೆ ನಿಂತಿತ್ತು. ಆ ಕೋಣೆಗೆ ಗಾಳಿ ಬಿಟ್ಟರೆ ಎಷ್ಟು ಹೀಟರ್ ಹಚ್ಚಿದರೂ ಅಂಕಿ ಅರವತ್ತೈದರ ಕೆಳಗೆ ಇಳಿಯುವುದಿಲ್ಲ. ಗಾಳಿ ಬಿಡದಿದ್ದರೂ ಎರಡು ಹೀಟರೂ ತೇವ ಹೀರುವ ಯಂತ್ರವೂ ಒಟ್ಟಿಗೆ ಓಡಲೇಬೇಕು, ಆ ಭಾರಕ್ಕೇ ಬೋರ್ಡು ಸುಟ್ಟಿತ್ತು. ಇನ್ನೊಂದು ಸಲ ಸುಟ್ಟರೆ ಅಂಗಳದಲ್ಲಿ ಇನ್ನೂ ಅರ್ಧ ಚೀಲ ಇದ್ದಿಲಿತ್ತು, ಮತ್ತು ಅಂಕಿ ನೋಡುತ್ತ ಬಾಗಿಲು ತೆರೆಯದೆ ನಿಲ್ಲಬಲ್ಲವಳು ತಾನು ಎಂಬುದು ಅವಳಿಗೆ ಈಗ ಗೊತ್ತಿತ್ತು.

"ಇಲ್ರಿ. ಪೂರಾ ಕೇಳ್ರಿ," ಎಂದಳು. ಗಾಳಿಕಿಂಡಿ ಮುಚ್ಚಿದ್ದು, ಕೆಂಡ ಇಟ್ಟಿದ್ದು, ಚಿಗವ್ವನ ಎಣಿಕೆ ತಪ್ಪಿದ್ದು, ತಾನು ಅಂಕಿ ನೋಡುತ್ತ ನಿಂತದ್ದು, ಒಂದನ್ನೂ ಬಿಡದೆ ಹೇಳಿದಳು. "ಮುಂದಿನ ಗುರುವಾರನೂ ಆಗಂಗಿಲ್ಲ. ಜೂನ್, ಜುಲೈ, ಆಗಸ್ಟ್, ಮೂರು ತಿಂಗಳು ನನ್ನ ಕಡಿಂದ ಕಡಕ್ ರೊಟ್ಟಿ ಆಗಂಗಿಲ್ರೀ. ಆಗತೈತಿ ಅಂತ ನಿಮಗ ಹೇಳಿದ್ದು ನಂದ ತಪ್ಪು."

ಆ ಕಡೆ ಬಾಗಿಲೊಂದು ಮುಚ್ಚಿಕೊಂಡಿತು, ಅಂಗಡಿಯ ಗಲಾಟೆ ದೂರವಾಯಿತು.

"ಆಂಟಿ ಹೇಗಿದಾರೆ?" ಎಂದಳು ಮಹಾಶ್ವೇತಾ.

"ಅದಾರ್ರಿ. ಡಾಕ್ಟರಿಗೇ ಬೈಯಾಕತ್ತಾರ."

"ಸದ್ಯ. ಆದ್ರೆ ಮೂರು ತಿಂಗಳು ಶೆಲ್ಫ್ ಖಾಲಿ ಇಡೋಕಾಗಲ್ಲ ರುದ್ರಾಣಿ. ಹಾರಿಸ್ ಪಾರ್ಕ್‌ನಲ್ಲಿ ಒಬ್ರು ನಾವು ರೊಟ್ಟಿ ಕೊಡ್ತೀವಿ ಅಂತ ಕೇಳ್ತಾನೇ ಇದಾರೆ. ಒಂದ್ ಸಲ ಅವರಿಗೆ ಕೊಟ್ರೆ ಆಮೇಲೆ ವಾಪಸ್ ತಗೊಳ್ಳೋದು... ನಾನು ಮಾತು ಕೊಡಲ್ಲ."

"ಬ್ಯಾಡ್ರಿ. ಅವರಿಗೇ ಕೊಡ್ರಿ."

ವಾರ್ಡಿನೊಳಗೆ ವಿರುಪಾಕ್ಷ ಪ್ರಶ್ನೆಯಂತೆ ಹುಬ್ಬೆತ್ತಿದ. ರುದ್ರಾಣಿ ಇಲ್ಲವೆಂದು ತಲೆಯಾಡಿಸಿದಳು. ಅವನು ಬೇರೇನೂ ಕೇಳದೆ ತನ್ನ ಕುರ್ಚಿ ಬಿಟ್ಟುಕೊಟ್ಟ. ಶಾಂಭವಿ ಎಚ್ಚರವಾಗಿದ್ದಳು. ಎರಡು ಬೆರಳಿನಿಂದ ಮಾಸ್ಕನ್ನು ಪಕ್ಕಕ್ಕೆ ಸರಿಸಿದಳು.

"ಯಾರದು? ಸಿಡ್ನಿಯಾಕಿ? ಏನಂದ್ಲು?"

"ನಿನ್ನ ಕೇಳಿದ್ಲು."

"ನನ್ನೇನ ಕೇಳ್ತಾಳ, ರೊಟ್ಟಿ ಕೇಳಿರಬೇಕು. ಏನ ಹೇಳ್ದಿ?"

"ಬರಂಗಿಲ್ಲ ಅಂದೆ."

ಶಾಂಭವಿ ಏನೋ ಹೇಳಲು ಬಾಯಿ ತೆರೆದಳು. ರುದ್ರಾಣಿ ಮಾಸ್ಕನ್ನು ಹಿಡಿದು ಅವಳ ಮೂಗಿನ ಮೇಲೆ ಮತ್ತೆ ಸರಿಯಾಗಿ ಕೂರಿಸಿದಳು.

"ಉಸಿರು ತಗೋ ಚಿಗವ್ವಾ," ಎಂದಳು. "ಮಾತು ಆಮ್ಯಾಲ."